ಅತ್ತೆ ಮನೆ ಮುಟ್ಟದ ಕಾರು

"ಇಷ್ಟು ಕಮ್ಮಿ ಬಾಡಿಗೆಗೆ ಕರೆಂಟ್ ಕಾರು ಕೊಡೋಕೆ ಅವರಿಗೇನು ತಲೆ ಕೆಟ್ಟಿದೆಯಾ? ನಿಜ ಹೇಳ್ರೀ!"

ಶೋರೂಮಿನ ಸೋಫಾದಲ್ಲೇ ಹೆಂಡತಿ ಗಂಡನ ಮೇಲೆ ಹರಿಹಾಯ್ದಳು. ಪಕ್ಕದಲ್ಲಿ ತನ್ನ ಕರೆಂಟ್ ಸ್ಕೂಟರ್ ರಿಪೇರಿಗೆ ಕಾದಿದ್ದ ಟೈಲರೊಬ್ಬ ಪೇಪರಿನ ಹಿಂದೆ ಕಿವಿ ನಿಮಿರಿಸಿದ.

"ಲೀಸ್ ಕಣೇ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಓಡಿಸ್ತೀವಿ ಅಂತ ಒಪ್ಕೊಂಡ್ರೆ ಬಾಡಿಗೆ ಇಳಿಸ್ತಾರೆ."

"ಎಲ್ಲೆಲ್ಲಿಗೆ ಓಡಿಸ್ತೀರಿ?"

"ನನ್ನ ಆಫೀಸು, ಅಂಗಡಿ, ನಮ್ಮಮ್ಮನ ಮನೆ. ಎಲ್ಲಾ ಲೆಕ್ಕ ಹಾಕಿದೀನಿ."

"ಮತ್ತೆ ನನ್ನ ತವರುಮನೆ?"

ಗಂಡ ಕೆಮ್ಮಿದ. "ಅದು ದೂರ. ಸೇರಿಸಿದ್ರೆ ಬಾಡಿಗೆ ಏರುತ್ತೆ."

"ವರ್ಷಕ್ಕೊಂದ್ಸಲಾನೂ ಇಲ್ವಾ?"

"ಹೋಗೋಕಾಗುತ್ತೆ ಕಣೇ. ವಾಪಸ್ ಬರೋಕೆ ಕಿಲೋಮೀಟರ್ ಉಳಿಯಲ್ಲ."

ಬಟ್ಟೆ ಉಳಿಸಲು ಹೋಗಿ ಅಂಗಿಯ ತೋಳೇ ಮರೆತವರನ್ನು ಟೈಲರ್ ಬೇಕಾದಷ್ಟು ಕಂಡಿದ್ದ. ಅವರಾರೂ ಅದನ್ನು ಹೀಗೆ ಹೆಂಡತಿಯೆದುರೇ ಬಾಯಿಬಿಟ್ಟು ಹೇಳಿರಲಿಲ್ಲ.

"ಹೋಗೋಕೆ ಬಸ್ಸೇ ಸಾಕು. ಬರೋದು ಆಮೇಲೆ ನೋಡೋಣ!" ಚೀಲ ಹೆಗಲಿಗೇರಿಸಿ ಹೆಂಡತಿ ಹೊರಟೇಹೋದಳು. ಅವಳಿಗೆ ತಂದಿಟ್ಟ ಟೀ ಆರಿ ಕೆನೆಗಟ್ಟಿತು. ಅವಳು ಬರಲಿಲ್ಲ.

ಶೋರೂಮಿನ ಹುಡುಗಿ ಮೆಲ್ಲಗೆ ಬಂದಳು. "ಸರ್, ಇದಕ್ಕಿಂತ ಅಗ್ಗದ್ದೂ ಒಂದಿದೆ."

"ಬೇಡ ಕಣಮ್ಮಾ," ಎಂದು ಗಂಡ ಹಣೆ ಒರೆಸಿಕೊಂಡ. "ಅತ್ತೆ ಮನೆಗೆ ಹೋಗಿ ಬರೋವಷ್ಟು ಓಡೋದು ತೋರ್ಸು. ಬರುವಾಗ ಇಬ್ಬರಿರ್ತೀವಿ."