ಹೊಗೆ ಕಂಡ ಮನೆ

೧೯೬೧ರ ಬೇಸಿಗೆ. ಬಾಗೇವಾಡಿಯಲ್ಲಿ ಇಂಡಿ ಬಸ್ಸಿಗೆ ಕಾದು ಕೂತಿದ್ದ ಅರಿವೆ ವ್ಯಾಪಾರಿ ಶ್ರೀಶೈಲಪ್ಪನ ಬೆನ್ನ ಹಿಂದೆ ಇಬ್ಬರು ಮುದುಕಿಯರು ಮಾತಿಗಿಳಿದಿದ್ದರು. ಅವನು ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಅತ್ತಲೇ ಇತ್ತು.

“ಜನಗಣತಿ ಮಾಸ್ತರು ನಮ್ಮೂರಿಗೂ ಬಂದಿದ್ರೇನ, ಸುಲ್ತಾನಬಿ?”

“ಬಂದಿದ್ರು, ಕಸ್ತೂರಕ್ಕ. ಕೊಲ್ಹಾರದ ಮಗ್ಗಲಾಗ, ಹೊಳಿ ದಂಡಿಗೆ ಇಷ್ಟು ಸಣ್ಣ ಊರು ಐತಂತ ಗೊತ್ತ ಇರಲಿಲ್ಲ ಅಂದ್ರು.”

“ಎಷ್ಟು ಮಂದಿ ಆದ್ವಿ?”

“ನಿನ್ನ ಹಿಡದು ಇನ್ನೂರಾ ಹನ್ನೊಂದು.”

“ನನ್ನ? ನಾ ಇಲ್ಲಿ ಮಗಳ ಮನಿಗೆ ಬಂದು ಎರಡು ವರ್ಷಾತಲ್ಲ!”

“ನಿನ್ನ ಮನಿ ಮ್ಯಾಲ ಹೊಗಿ ಕಂಡ್ರು. ಒಳಗ ಯಾರದಾರ ಅಂದ್ರು. ನಿನ್ನ ಹೆಸರು ಹೇಳಿದೆ.”

“ಕೀಲಿ ಹಾಕಿದ ಮನ್ಯಾಗ ಹೊಗಿ ಎಲ್ಲಿಂದ ಬಂತು?”

ಇಂಡಿ ಬಸ್ಸು ಬಂದು ನಿಂತಿತು. ಶ್ರೀಶೈಲಪ್ಪ ಏಳಲಿಲ್ಲ.

“ಕೀಲಿ ಕೊಟ್ಟು ಬಂದಾಕಿ ನೀನ ಅಲ್ಲೇನು? ದಿನಾ ಸಂಜೀಕ ನಿನ್ನ ಒಲ್ಯಾಗ ಒಂದು ಕುಳ್ಳು ಹಚ್ಚತೇನಿ.”

“ಅಂಬಿಗ ಮಶಾಕಸಾಬ ಇನ್ನೂ ದೋಣ್ಯಾಗಿಂದ ಊರ ಮನಿಗಳ ಹೊಗಿ ಎಣಸ್ತಾನ?”

“ಎಣಸ್ತಾನ. ಹೊಗಿ ಏಳದಿದ್ರ ಒಲಿ ಹೊತ್ತಿಲ್ಲಂತ ಆ ಮನಿಗೆ ಈಗೂ ರೊಟ್ಟಿ ಕಳಸ್ತೇವಿ. ನಿನ್ನ ಮನಿ ಹೊಗಿ ಕಾಣದಿದ್ರ ನನಗ ಗಂಟಲದಾಗ ತುತ್ತು ಇಳಿಯೂದಿಲ್ಲ.”

ಕಸ್ತೂರೆವ್ವ ದನಿ ತಗ್ಗಿಸಿದಳು.

“ಇಲ್ಲಿ ಅಳಿಯಾನೂ ನನ್ನ ಹೆಸರು ಬರಸ್ಯಾನ.”

“ಬರಸಲಿ. ಸರಕಾರಕ್ಕ ಒಬ್ಬಾಕಿ ಹೆಚ್ಚಾದ್ರ ಏನ ಗಂಟು ಹೋಗತೈತಿ? ನಮ್ಮೂರಿಗೆ ಒಬ್ಬಾಕಿ ಕಡಿಮಿ ಆಗಬಾರದು.”

ಕೊಲ್ಹಾರದ ಬಸ್ಸು ಬಂತು. ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೆಳಗೇ ಉಳಿದಳು. ಸುಲ್ತಾನಬಿ ಹತ್ತಿ ಕೂತವಳೇ ಡ್ರೈವರನಿಗೆ ಕೂಗಿದಳು:

“ಜಲ್ದಿ ಬಿಡೋ ತಮ್ಮಾ. ಹೊತ್ತು ಮುಳುಗೂದ್ರಾಗ ಎರಡು ಒಲಿ ಹಚ್ಚೂದೈತಿ.”