ಒಂದು ಲೀಟರ್ ತುಪ್ಪದ ತೂಕ

ಇಲವಾಲದಲ್ಲಿ ಬಸ್ಸು ಹತ್ತಿದ ಅತ್ತೆ ಸೊಸೆಯರಿಬ್ಬರು, ಮೊದಲೇ ಬಸ್ಸಿನಲ್ಲಿದ್ದ ಅನುವಿನ ಮುಂದಿನ ಸೀಟಿನಲ್ಲೇ ಕುಳಿತರು. ಕಿವಿಗೊಡಬಾರದೆಂದುಕೊಂಡರೂ ಅನುವಿಗೆ ಆಗಲಿಲ್ಲ. ಅತ್ತೆಯ ದನಿ ಹಾಗಿತ್ತು.

“ನಿಮ್ಮಮ್ಮ ಒಂದು ಲೀಟರ್ ತುಪ್ಪ ಅಂತ ಕಳಿಸಿದ್ರಲ್ಲ ಶಿಲ್ಪಾ, ಅಂಗಡೀಲಿ ತೂಗಿಸ್ದೆ. ಬಾಟಲಿ ತೂಕ ಕಳೆದ್ರೆ ಒಂಬೈನೂರ ಹತ್ತೇ ಗ್ರಾಂ.”

“ಸರಿಯಾಗೇ ಇದೆಯಲ್ಲ ಅತ್ತೆ.”

“ಎಂಗೆ ಸರಿ? ಲೀಟರ್ ಅಂದ್ರೆ ಕೆಜಿ ಅಲ್ವಾ?”

“ನೀರಿಗೆ ಮಾತ್ರ ಹಾಗೆ. ಲೀಟರ್ ಅನ್ನೋದು ಜಾಗದ ಅಳತೆ, ಕೆಜಿ ತೂಕದ್ದು. ತುಪ್ಪದ ಸಾಂದ್ರತೆ ನೀರಿಗಿಂತ ಕಮ್ಮಿ.”

“ಅದೇನು ಸಾಂದ್ರತೆ?”

“ಒಂದೇ ಡಬ್ಬಿಗೆ ಅಕ್ಕಿ ತುಂಬಿ, ಆಮೇಲೆ ಕಡ್ಲೆಪುರಿ ತುಂಬಿ. ತೂಕ ಒಂದೇ ಬರುತ್ತಾ?”

“ಒತ್ತಿ ತುಂಬಿದ್ರೆ ಜಾಸ್ತಿ ಹಿಡಿಯುತ್ತೆ ಕಣಮ್ಮ. ನಿಮ್ಮನೇಲಿ ಒತ್ತಿಲ್ಲ, ಅಷ್ಟೆ.”

“ತುಪ್ಪಾನ ಯಾರು ಒತ್ತಿ ತುಂಬ್ತಾರೆ? ನಿಮ್ಮ ಚೀಲದಲ್ಲಿರೋ ಎಣ್ಣೆ ಪ್ಯಾಕೆಟ್ ನೋಡಿ.”

ಅತ್ತೆ ಪ್ಯಾಕೆಟ್ಟನ್ನು ತೆಗೆದು ಕಣ್ಣಿನ ಹತ್ತಿರ ಹಿಡಿದರು. ಒಂದು ಲೀಟರ್ ಎಂದಿತ್ತು. ಪಕ್ಕದಲ್ಲೇ ಒಂಬೈನೂರ ಹತ್ತು ಗ್ರಾಂ ಎಂದೂ ಇತ್ತು. ತಿರುಗಿಸಿ ಮತ್ತೊಮ್ಮೆ ಓದಿದರು.

“ಇವ್ರೂ ಮೋಸ ಮಾಡಿರ್ಬೋದು,” ಎಂದರು. ದನಿ ಮಾತ್ರ ತಗ್ಗಿತ್ತು.

ಪ್ಯಾಕೆಟ್ಟನ್ನು ಚೀಲಕ್ಕೆ ಹಾಕುತ್ತಾ, “ನಿಮ್ಮಮ್ಮಂಗೆ ಬೆಳಿಗ್ಗೇನೇ ಫೋನ್ ಮಾಡಿ ಕೇಳ್ಬುಟ್ಟೆ,” ಎಂದರು.

“ಅಮ್ಮನ್ನ ಕೇಳಿದ್ರಾ? ಏನಂದ್ರು?”

“ಕಮ್ಮಿ ಆಗಿದ್ರೆ ಬೇಜಾರ್ ಮಾಡ್ಕೋಬೇಡಿ, ಇವತ್ತೇ ಬೆಣ್ಣೆ ಕಾಯಿಸಿ ಕಳಿಸ್ತೀನಿ ಅಂದ್ರು.”

ಸೊಸೆ ತನ್ನ ಫೋನು ತೆಗೆದಳು. ಅಮ್ಮನ ನಂಬರು ಒತ್ತಿ ಅದನ್ನು ಅತ್ತೆಯ ಕೈಗಿಟ್ಟಳು. ಅಷ್ಟರಲ್ಲಿ ಅವರು ಇಳಿಯಬೇಕಾದ ಹಿನಕಲ್ ಬಂತು. ಫೋನು ಕಿವಿಗಿಟ್ಟುಕೊಂಡೇ ಅತ್ತೆ ಮೆಟ್ಟಿಲಿಳಿದರು.

“ಬೀಗ್ರೇ, ಒಲೆ ಹಚ್ಬೇಡಿ. ತುಪ್ಪ ಸರಿಯಾಗೇ ಇತ್ತು ಕಣ್ರೀ…”

ಬಸ್ಸು ಹೊರಟಿತು.