ಅರಿಶಿನ ಹಚ್ಚಿದ ಹಲಗೆ

ಅಲ್ಲ ಮಾರಾಯ, ದೋಣಿ ತಗೋತೀನಿ ಅಂತ ಹೋಗಿ ಬಣ್ಣ ನೋಡಿ ಬಂದ್ಯಾ? ಬಣ್ಣ ಯಾರು ಬೇಕಾದ್ರೂ ಬಳೀತಾರೆ. ಹಿಂದಿನ ಅಡ್ಡಹಲಗೆ ನೋಡ್ದ್ಯಾ ಅಂತ ಕೇಳಿದ್ದು ನಾನು. ಮೋಟಾರು ತಗುಲಿಸ್ತಾರಲ್ಲ, ಆ ಹಲಗೆ. ಮೋಟಾರಿನ ಭಾರ, ಅದು ನೂಕೋ ಜೋರು, ಎಲ್ಲ ಬೀಳೋದು ಅದ್ರ ಮೇಲೇ. ಅದು ಹೋಯ್ತು ಅಂದ್ರೆ ದೋಣಿನೂ ಹೋಯ್ತು, ಮೋಟಾರೂ ಹೋಯ್ತು. ನಾಳೆ ಮತ್ತೆ ಹೋಗು, ಸುತ್ತಿಗೆ ತಗೊಂಡು ಹೋಗು. ತಟ್ಟು. ಗಟ್ಟಿ ಮರ ಠಣ್ ಅಂತದೆ, ಕೊಳೆತದ್ದು ಬದ್ ಅಂತದೆ. ಬೋಲ್ಟಿನ ತೂತಿನ ಹತ್ರ ಮೊಳೆ ಚುಚ್ಚಿ ನೋಡು. ಆಮೇಲೆ ಮೋಟಾರು ಹಿಡ್ಕೊಂಡು ಹಿಂದೆ ಮುಂದೆ ಅಲ್ಲಾಡ್ಸು, ಹಲಗೆನೂ ಜೊತೆಗೆ ತಲೆ ಆಡಿಸ್ತು ಅಂದ್ರೆ ಮಾತಾಡ್ದೆ ವಾಪಸ್ ಬಾ. ಎಂತ? ನಂಗೆ ಹೆಂಗೆ ಗೊತ್ತು ಅಂತನಾ? ಗದ್ದೆ ಹೂಡೋ ಅಜ್ಜಂಗೆ ದೋಣಿ ವಿಚಾರ ಹೆಂಗೆ ಗೊತ್ತು ಅಂತ... ಕೂತ್ಕ. ಸವಿತಾ, ನೀನೂ ಕೂತ್ಕ ಮಗಳೇ, ನೀನೇ ಮುಖ್ಯ ಕೇಳ್ಬೇಕಾದ್ದು. ಇದನ್ನ ನಾನು ನಿಮ್ಮಜ್ಜಿಗೂ ಹೇಳಿದ್ದಿಲ್ಲ.

ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಂತಿತ್ತು. ನಮ್ಮೂರು ಮುಳುಗಿ ಒಂದು ಮಳೆಗಾಲ ಕಳ್ದಿತ್ತು, ಅಲ್ಲಲ್ಲ, ಎರಡು ಮಳೆಗಾಲ. ಒಂದೇ ಕೇರಿಯೋರು ಚೆಲ್ಲಾಪಿಲ್ಲಿ ಆದ್ವಿ. ನಾವು ಹೊನ್ನೆಮರಡಿನ ಈಚೆ ಬಂದ್ವಿ, ಮಂಜಪ್ಪನ ಮನೆಯೋರು ಆ ದಡಕ್ಕೆ ಹೋದ್ರು. ಮಂಜಪ್ಪ ಅಂದ್ರೆ ನನ್ ಜೊತೆ ಗೋಲಿ ಆಡ್ದೋನು, ನನ್ನ ಅಣ್ಣಾ ಅನ್ನೋನು. ಆ ದಡದಲ್ಲಿ ಅವ್ರಿಗೆ ರಸ್ತೆ ಇಲ್ಲ ಎಂತ ಇಲ್ಲ. ಉಪ್ಪು ಬೇಕಂದ್ರೂ ನೀರು ದಾಟ್ಬೇಕು, ಜ್ವರ ಬಂದ್ರೂ ದಾಟ್ಬೇಕು. ಆಗ ಒಬ್ಬ ಗುತ್ತಿಗೆದಾರ ಕಟ್ಟೆ ಕೆಲ್ಸ ಮುಗ್ಸಿ ಊರಿಗೆ ಹೊರಟಿದ್ದ. ಅವಂದೊಂದು ಮೋಟಾರು ದೋಣಿ, ಕೆಳಗಿನ ಸೀಮೆಯಿಂದ ಲಾರಿ ಮೇಲೆ ಹುಲಿಕಲ್ ಘಾಟಿ ಹತ್ತಿ ಬಂದಿದ್ದು. ಅದನ್ನ ನಾನು ತಗೊಂಡೆ. ಹೆಂಗೆ ನೋಡ್ದೆ ಗೊತ್ತಾ? ಎತ್ತು ನೋಡ್ದಂಗೆ ನೋಡ್ದೆ! ಮುಂದೆ ನಿಂತು ಮೂತಿ ನೋಡ್ದೆ, ಬೆನ್ನು ಸವರಿದೆ, ಲಕ್ಷಣ ಐತೆ ಅಂದೆ. ಹಿಂದಕ್ಕೆ ಹೋಗ್ಲೇ ಇಲ್ಲ, ಎತ್ತಿನ ಹಿಂದೆ ಹೋದ್ರೆ ಒದೀತದಲ್ಲ. ಪೇಟೆ ತುಂಬ ಹೇಳ್ಕೊಂಡು ತಿರುಗ್ದೆ, ಶೇಷಪ್ಪ ಮೋಟಾರು ದೋಣಿ ತಂದ ಅಂತ.

ತಿಂಗಳು ಆಗಿರ್ಲಿಲ್ಲ, ಬೋಲ್ಟಿನ ತೂತಲ್ಲಿ ನೀರು ಜಿನುಗಕ್ಕೆ ಶುರುವಾಯ್ತು. ಮೊಳೆ ಇಟ್ಟು ಒತ್ತಿದೆ. ಬಾಳೆದಿಂಡಿಗೆ ಹೋದಂಗೆ ಹೋಯ್ತು ಒಳಗೆ. ಆಚಾರಿ ಕರ್ಸಿ ಹಲಗೆ ಬದ್ಲಿಸಬಹುದಿತ್ತು, ಅದೇನು ದೊಡ್ಡ ಕೆಲ್ಸ ಅಲ್ಲ. ಆದ್ರೆ ಆಚಾರಿ ಬಂದ್ರೆ ಊರಿಗೆಲ್ಲ ಗೊತ್ತಾಗ್ತದಲ್ಲ, ಕೊಳೆತ ದೋಣಿ ತಂದ ಅಂತ ನಗ್ತಾರಲ್ಲ. ನಗ್ತಾರೆ ಅಂತ ಅಷ್ಟೇ ನೋಡಿ, ಬೇರೆ ಎಂತದೂ ಇಲ್ಲ. ತೂತಿಗೆ ಮರದ ಹುಡಿ, ರಾಳ ಕಲ್ಸಿ ತುಂಬ್ದೆ, ಮೇಲೆ ಡಾಂಬರು ಬಳಿದೆ. ಅದೇ ಹೊತ್ತಿಗೆ ಮಂಜಪ್ಪ ಹೇಳಿ ಕಳ್ಸಿದ, 'ಅಣ್ಣಾ, ನೀನು ಕೊಡೋದಾದ್ರೆ ದೋಣಿ ನಾವು ತಗೋತೀವಿ, ನಮಗೆ ಇಲ್ದೆ ಆಗಾದಿಲ್ಲ' ಅಂತ. ನಾನು ಕೊಡ್ತೀನಿ ಅಂದೆ.

ಅವ್ರು ದೋಣಿ ಒಯ್ಯಕ್ಕೆ ಬರೋ ದಿವ್ಸ ಬೆಳಿಗ್ಗೆ ಎದ್ದು ದೋಣಿಗೆ ಪೂಜೆ ಮಾಡ್ದೆ. ಪೂಜೆ ಎಲ್ಲಿಗೆ? ಮುಂದಕ್ಕಲ್ಲ, ಆ ಹಿಂದಿನ ಹಲಗೆಗೇ. ಅರಿಶಿನ ಕಲ್ಸಿ ತೂತಿನ ಮೇಲೇ ದಪ್ಪಗೆ ಮೆತ್ತಿದೆ, ಕುಂಕುಮ ಇಟ್ಟೆ, ದಾಸಾಳದ ಹಾರ ಹಾಕ್ದೆ. ದೇವ್ರನ್ನೇ ಕಾವಲಿಗೆ ಕೂರಿಸ್ದಂಗೆ. ಮಂಜಪ್ಪ ಬಂದ, ಅವನ ಹೆಂಡ್ತಿ ಗಂಗಮ್ಮನೂ ಬಂದ್ಲು. ಮಂಜಪ್ಪ ನೋಡ್ದೋನೇ ಕೈ ಮುಗ್ದ. ಗಂಗಮ್ಮ ಮಾತ್ರ ಸುತ್ತ ಒಂದು ಬಂದ್ಲು, ಹಿಂದೆ ನಿಂತ್ಲು, 'ಗಡಿಗೆ ತಗೋವಾಗ ತಟ್ಟಿ ನೋಡ್ತೀವಿ, ಇದನ್ನೂ ಒಂದ್ಸಲ ತಟ್ಟೋದಲ್ವಾ' ಅಂತ ನಗ್ತಾ ಬೆರಳು ಮಡ್ಚಿ ಹಲಗೆ ಮೇಲೆ ಟಕ್ ಅಂತ ಒಂದು ಕುಟ್ಟಿದ್ಲು. ಬದ್ ಅಂತು. ನಂಗೆ ಕೇಳ್ತು. ಅವಳಿಗೂ ಕೇಳ್ತು, ಇನ್ನೊಂದ್ಸಲ ಕೈ ಎತ್ತಿದ್ಲು. ನಾನು ಕೂಗ್ದೆ ನೋಡು, 'ಏಯ್ ತಂಗೀ! ಪೂಜೆ ಆದ ಹಲಗೆ, ಹೆಂಗಸ್ರು ಮುಟ್ತಾರಾ? ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?' ಅಂತ. ಹಿಂಗೇ ಅಂದೆ, ಇದೇ ಬಾಯಲ್ಲಿ. ಅವಳು ಬೆಂಕಿ ತಾಗ್ದೋರಂಗೆ ಕೈ ಎಳ್ಕೊಂಡು ಸೆರಗೊಳಗೆ ಇಟ್ಕೊಂಡ್ಲು. ಮಂಜಪ್ಪನೂ ಅವಳಿಗೇ ಬೈದ, 'ನಿಂಗೆ ಯಾಕೆ ಬೇಕಿತ್ತು ಅಧಿಕಪ್ರಸಂಗ' ಅಂತ. ಹಂಗೆ ದೋಣಿ ಆ ದಡಕ್ಕೆ ಹೋಯ್ತು.

ಆಷಾಢದ ಗಾಳಿ. ಒಂಬತ್ತು ಜನ ಕೂತಿದ್ರಂತೆ, ಗಂಗಮ್ಮನೂ ಇದ್ಲು. ನಡುನೀರಲ್ಲಿ ಆ ಹಲಗೆ ಮೋಟಾರಿನ ಸಮೇತ ಕಿತ್ಕೊಂಡು ಹೋಯ್ತು. ಹಿಂದಿನಿಂದ ನೀರು ನುಗ್ತು. ಮುಳುಗಿದ ಕಾಡಿನ ಒಣಗಿದ ಮರಗಳು ಆಗ ನೀರಿನ ಮೇಲೆ ತಲೆ ಎತ್ಕೊಂಡು ನಿಂತಿದ್ವು ನೋಡು, ದೋಣಿ ಒಂದು ಮತ್ತಿ ಮರಕ್ಕೆ ಹೋಗಿ ಬಡೀತು, ಅದ್ರ ಕೊಂಬೆ ಹಿಡ್ಕೊಂಡು ಜೋತುಬಿದ್ರು ಎಲ್ಲರೂ. ಬೆಳಿಗ್ಗೆಯಿಂದ ಸಂಜೆ ತನಕ, ಮಳೇಲಿ, ಕೊಂಬೆ ಮೇಲೆ. ಸಂಜೆ ಮೀನಿನೋರು ನೋಡಿ ಇಳ್ಸಿದ್ರು. ಯಾರೂ ಸಾಯ್ಲಿಲ್ಲ. ಸತ್ತಿದ್ರೆ ನಾನು ಇಲ್ಲಿ ಕೂತು ನಿಮಗೆ ಕಥೆ ಹೇಳ್ತಿರ್ಲಿಲ್ಲ ಬಿಡಿ.

ವಾರ ಬಿಟ್ಟು ಮಂಜಪ್ಪ ನಮ್ಮನೆ ಅಂಗಳಕ್ಕೆ ಬಂದ. ದೂರದಿಂದ ನೋಡ್ದೋನು ನಾನು ಕೊಟ್ಟಿಗೆ ಹಿಂದೆ ಹೋಗಿ ನಿಂತೆ. ಇವತ್ತು ಕುತ್ತಿಗೆ ಪಟ್ಟಿ ಹಿಡೀತಾನೆ ಅಂತ. ನಿಮ್ಮಜ್ಜಿ ಕರೆದ್ಲು, ಬರ್ಲೇಬೇಕಾಯ್ತು. ಅವನ ಕೈಲಿ ಕಾಯಿ, ಬಾಳೆಹಣ್ಣು! 'ಅಣ್ಣಾ, ನೀನು ಪೂಜೆ ಮಾಡಿ ಕೊಟ್ಟ ದೋಣಿ, ನಾವು ಉಳಿಸ್ಕಳ್ಳಲಿಲ್ಲ. ನೀನು ಅವತ್ತೇ ಹೇಳಿದ್ದೆ, ಹೆಂಗಸ್ರು ಮುಟ್ಬಾರದು ಅಂತ. ಅವಳು ಮುಟ್ಟಿದ್ದಕ್ಕೇ ಹಿಂಗಾಯ್ತು ಅಂತ ಅಳ್ತಾಳೆ, ಐದು ಸೋಮವಾರ ಒಪ್ಪೊತ್ತು ಹಿಡ್ದಿದಾಳೆ. ಮನಸ್ಸಲ್ಲಿ ಇಟ್ಕಬೇಡ' ಅಂದ. ನಾನು ಏನಂದೆ ಗೊತ್ತಾ? 'ಆಯ್ತು ಬಿಡು, ಆಗಿದ್ದು ಆಯ್ತು' ಅಂದೆ. ದೊಡ್ಡ ಮನುಷ್ಯನಂಗೆ! ಕಾಯಿ ಇಸ್ಕೊಂಡೆ. ಅದನ್ನ ಒಡೆದು ನಿಮ್ಮಜ್ಜಿ ಚಟ್ನಿ ಅರೆದ್ಲು, ನಾನು ಉಂಡೆ. ಉಂಡೆ ನೋಡು.

ಹೇಳ್ಬೇಕು ಅಂತ ಎರಡು ಸಲ ಆ ದಡಕ್ಕೆ ಹೋದೆ. ಗಂಗಮ್ಮ ಕಾಫಿ ಕೊಟ್ಲು, ಕುಡ್ದು ಬಂದೆ. ಆಮೇಲೆ ಎಷ್ಟೋ ವರ್ಷ ಅವಳು ಸಾಗರದ ಸಂತೆಗೆ ಬರೋವಾಗ ಬೇರೆಯೋರ ದೋಣೀಲಿ ನೋಡ್ತಿದ್ದೆ. ಎರಡೂ ಕೈ ಸೆರಗಲ್ಲಿ ಸುತ್ಕೊಂಡು ನಡುವೆ ಕೂರೋಳು. ಎಲ್ಲಿ ಹಲಗೆ ಮುಟ್ಟಿಬಿಡ್ತೀನೋ ಅಂತ. ದೋಣಿ ಎಷ್ಟು ಓಲಾಡಿದ್ರೂ ಹಿಡ್ಕೊಳ್ತಿರ್ಲಿಲ್ಲ. ಹಂಗೇ ಇದ್ದು ಹಂಗೇ ಹೋದ್ಲು. ಮಂಜಪ್ಪನೂ ಇಲ್ಲ ಈಗ, ನಾನಿನ್ನು ಯಾರ ಹತ್ರ ಹೋಗಿ ಹೇಳ್ಲಿ?

ನಾಳೆ ಹೋಗೋವಾಗ ಸವಿತಾನ್ನ ಕರ್ಕೊಂಡು ಹೋಗು. ಹಲಗೆ ಮೇಲೆ ಹೂ ಇದ್ರೆ ಹೂ ತೆಗ್ಸಿ, ಅವಳ ಕೈಲೇ ತಟ್ಸು. ತಟ್ಬೇಡ ಅಂತ ಯಾವನಾದ್ರೂ ಅಂದ್ರೆ ಅಲ್ಲೇ ಕೊಳೆತದೆ ಅಂತ ತಿಳ್ಕ.